ಮೂರು ದಾರಿಯ ಹೆಣಿಗೆ

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಇಲ್ಲದ ಕಾಲ. ದಂಡೆಯ ಮೇಲಿನ ಒಂದು ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಮೇದಾರ ಹೆಂಗಸು ಇದ್ದಳಂತೆ. ಬಿದಿರು ಸೀಳಿ ಮೊರ, ಬುಟ್ಟಿ, ಹರಿಗೋಲು ಹೆಣೆಯುವುದು ಅವಳ ಕಸುಬು. ಗಂಡ ಯಮನೂರಪ್ಪ ಆಚೆ ದಂಡೆಯಿಂದ ಹರಿಗೋಲಲ್ಲಿ ಬಿದಿರು ತರುತ್ತಿದ್ದ.

ಒಂದು ಮಳೆಗಾಲ ಯಮನೂರಪ್ಪ ಮನೆಗೆ ಬರಲಿಲ್ಲ. ಮೂರನೇ ದಿನ ಒಡೆದ ಹರಿಗೋಲು ಮಾತ್ರ ದಂಡೆಗೆ ಬಂತು. ಹುಲಿಗೆವ್ವ ಅದರ ತಳ ಮುಟ್ಟಿ ನೋಡಿದಳು. ಬಂಡೆ ತಾಗಿ ಮುರಿದದ್ದು ಒಂದೇ ಬಿದಿರ ದಬ್ಬೆ. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು ಬಿಚ್ಚುತ್ತ ಹೋಗಿ ತಳವೇ ಸೀಳಿತ್ತು. ಹೆಣೆದವಳು ತಾನೇ. ಅವತ್ತಿನಿಂದ ಅವಳು ಬಿದಿರು ಮುಟ್ಟಲಿಲ್ಲವಂತೆ, ಹೊಳೆಗೂ ಇಳಿಯಲಿಲ್ಲವಂತೆ.

ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ಗೀಜಗ ಗೂಡು ಕಟ್ಟುವುದನ್ನು ನೋಡಿದಳು. ಕೆರೆಯಂಗಳದ ಒಣಮಣ್ಣಿನ ಬಿರುಕು ನೋಡಿದಳು. ನೆರೆಮನೆಯವಳು ಮಗಳಿಗೆ ಜಡೆ ಹಾಕುವಾಗ ಎದುರಿಗೇ ಹೋಗಿ ಕೂತಳು. ಹುಲಿಗೆವ್ವನಿಗೆ ತಲೆ ಕೆಟ್ಟಿದೆ ಅಂದರು ಜನ. ಅವಳು ಮಾತ್ರ ಬೇಲಿಯಲ್ಲಿ ಬಿದ್ದಿದ್ದ ಖಾಲಿ ಜೇನುಗೂಡಿನ ಹಲ್ಲೆ ತಂದು ಬೆರಳಿಂದ ಒತ್ತಿ, ತಿರುಗಿಸಿ ಒತ್ತಿ, ಇಡೀ ದಿನ ಕಳೆದಳಂತೆ. ಒಂದು ಕಡೆ ಮುರಿದರೂ ಉಳಿದದ್ದು ನಿಂತೇ ಇತ್ತು.

ಮರುದಿನ ಕತ್ತಿ ಮಸೆದಳು. ಹಿಂದೆಲ್ಲ ದಬ್ಬೆ ಉದ್ದಕ್ಕೆ, ಅಡ್ಡಕ್ಕೆ ಎರಡೇ ದಾರಿ ಹಿಡಿಯುತ್ತಿತ್ತು. ಅವಳು ಓರೆಯಾಗಿ ಮೂರನೇ ದಾರಿ ಕೊಟ್ಟಳು. ನಡುವೆ ಆರು ಮೂಲೆಯ ಕಣ್ಣುಗಳು ಮೂಡಿದವು. ಎಷ್ಟೋ ಸಲ ಬಿಚ್ಚಿದಳು, ಎಷ್ಟೋ ಸಲ ಹೆಣೆದಳು. ಕೊನೆಗೆ ಆ ಹೊಸ ಹರಿಗೋಲಿಗೆ ತೊಗಲು ಹೊದಿಸಿ ದಂಡೆಯಲ್ಲಿಟ್ಟಳು. ಅಂಬಿಗ ಸಣ್ಣೀರಪ್ಪ ಅದನ್ನು ಮುಟ್ಟಲಿಲ್ಲ. ಇದು ಜರಡಿ, ಹರಿಗೋಲಲ್ಲ ಅಂದನಂತೆ.

ಮುಂದಿನ ಮಳೆಗಾಲ ಹೊಳೆ ಒಮ್ಮೆಲೇ ಏರಿತು. ನಡುಗಡ್ಡೆಗೆ ಹುಲ್ಲು ಕೊಯ್ಯಲು ಹೋಗಿದ್ದ ಹನ್ನೊಂದು ಜನ ಅಲ್ಲೇ ಸಿಕ್ಕಿಕೊಂಡರು. ಊರ ಹರಿಗೋಲುಗಳನ್ನು ನೀರು ಒಯ್ದಿತ್ತು. ಉಳಿದದ್ದು ಅವಳದೊಂದೇ. ಸಣ್ಣೀರಪ್ಪ ಹಿಂದೆ ಮುಂದೆ ನೋಡಿದ. ಹುಲಿಗೆವ್ವ ಸೀರೆ ಎತ್ತಿ ಕಟ್ಟಿ ತಾನೇ ಹೋಗಿ ಒಳಗೆ ಕೂತಳು.

"ಹೆಣೆದಾಕಿನೇ ಹತ್ತದಿದ್ರ ಯಾರು ಹತ್ತತಾರಪ್ಪ? ಹುಟ್ಟು ಹಾಕು," ಅಂದಳು.

ಅವನು ಹುಟ್ಟು ಹಾಕಿದ. ಮೂರು ಸಲ ಹೋದರು, ಮೂರು ಸಲ ಬಂದರು. ಕೊನೆಯ ಸಲ ಬಂಡೆಗೆ ಬಡಿದು ಅವಳ ಕಾಲ ಕೆಳಗೇ ದಬ್ಬೆ ಮುರಿದ ಸದ್ದಾಯಿತು. ಹುಲಿಗೆವ್ವ ಕೈಯಿಟ್ಟು ತಡವಿದಳು. ಮುರಿದದ್ದು ಒಂದು, ಪಕ್ಕದ್ದು ಅಲುಗಿರಲಿಲ್ಲ. ದಂಡೆ ಮುಟ್ಟುವವರೆಗೂ ಅವಳು ಆ ಕೈ ತೆಗೆಯಲಿಲ್ಲ ಅಂತಾರೆ. ಹನ್ನೊಂದು ಜನರೂ ಇಳಿದ ಮೇಲೆ, ಅಲ್ಲೇ ಕೂತು ಗಂಡನ ಹೆಸರು ಹಿಡಿದು ಅತ್ತಳಂತೆ. ಅಲ್ಲಿಯವರೆಗೆ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಹುಲಿಗೆವ್ವನಿಗೆ ಗುಡಿಯಿಲ್ಲ, ಕಲ್ಲಿಲ್ಲ. ಪ್ರತಿ ವರ್ಷ ಹೊಳೆ ಇಳಿದ ಮೇಲೆ ಒಂದು ದಿನ ನಾವು ಊರವರೆಲ್ಲ ದಂಡೆಗೆ ಹೋಗುತ್ತೇವೆ. ಆ ವರ್ಷ ಅವಳ ಹಾಗೆ ಕೂತು ನೋಡಿ, ಕಣ್ಣಿಗೆ ಚಂದ ಕಂಡದ್ದನ್ನು ಒಬ್ಬೊಬ್ಬರೂ ತಂದು ಮೊರದಲ್ಲಿಡಬೇಕು. ಎಲೆ ತರುತ್ತಾರೆ, ಹಾವಿನ ಪೊರೆ ತರುತ್ತಾರೆ, ಕೌದಿಯ ಚೂರು ತರುತ್ತಾರೆ. ಹೋದ ಸಲ ನನ್ನ ಸೊಸೆ ಅಡುಗೆಮನೆಯಿಂದ ಅರ್ಧ ಕೊಯ್ದ ಉಳ್ಳಾಗಡ್ಡಿ ತಂದಿಟ್ಟಳು. ಯಾರೂ ನಗಲಿಲ್ಲ. ಒಬ್ಬೊಬ್ಬರೇ ಬಗ್ಗಿ ಅದರ ಸುತ್ತಿನೊಳಗಿನ ಸುತ್ತು ನೋಡಿದೆವು.