ಕೊಂಬು ಉದುರಿಸಿದ ಕಡವೆ

“ಗುರುಗಳೇ, ಒಣಗಿದ ಮನಸ್ಸು ಮತ್ತೆ ಚಿಗುರಬೇಕಾದರೆ ಏನು ಮಾಡಬೇಕು?”

ಕೇಳಿದವನು ಅಡಿವೆಪ್ಪ, ಮಠದಲ್ಲಿ ಪ್ರವಚನ ಹೇಳುವ ಶಿಷ್ಯ. ಹನ್ನೆರಡು ವರ್ಷ ಜನರನ್ನು ನಗಿಸಿದ್ದ, ಅಳಿಸಿದ್ದ. ಈಚೆಗೆ ತನ್ನ ಮಾತು ತನಗೇ ಹಳಸಿದಂತೆ ಕೇಳಿಸುತ್ತಿತ್ತು. ಜಪವನ್ನು ಇಮ್ಮಡಿ ಮಾಡಿ ನೋಡಿದ್ದ. ರಾತ್ರಿಯೂಟ ಬಿಟ್ಟು ನೋಡಿದ್ದ. ಈಗ ಮಧ್ಯಾಹ್ನದ್ದನ್ನೂ ಬಿಡಲು ಅಪ್ಪಣೆ ಕೇಳಲು ಬಂದಿದ್ದ.

“ಊಟದ ಮೇಲೆ ನಿನಗೇನಪ್ಪ ಸಿಟ್ಟು? ಕೂತುಕೋ” ಎಂದ ಗುರುಗಳು ಕತೆ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಪೈಲ್ವಾನನಿದ್ದ. ಆ ಸೀಮೆಯಲ್ಲಿ ಪ್ರತಿ ಕಾರಹುಣ್ಣಿಮೆಗೂ ಕುಸ್ತಿ. ಗೆದ್ದವನ ಕೈಗೆ ಬೆಳ್ಳಿಯ ಕಡಗ. ಮೂರು ವರ್ಷದಿಂದ ಕಡಗ ಇವನ ಕೈ ಬಿಟ್ಟು ಇಳಿದಿರಲಿಲ್ಲ. ಕಣಕ್ಕೆ ಬಾರದಿದ್ದರೆ ಅದು ಎದುರಾಳಿಯ ಪಾಲು.

ನಾಲ್ಕನೆಯ ವರ್ಷ ಯುಗಾದಿಯ ಹೊತ್ತಿಗೆ ಅವನ ಮೈ ಮುಷ್ಕರ ಹೂಡಿತು. ರೋಗವಿಲ್ಲ, ನೋವಿಲ್ಲ. ಗರಡಿಯ ಮಣ್ಣು ಕಂಡರೆ ಸಾಕು, ಆಕಳಿಕೆ. ಐನೂರು ಬಸ್ಕಿ ಹೊಡೆಯುತ್ತಿದ್ದವನು ಸಾವಿರ ಹೊಡೆದ. ಎರಡು ಸೇರು ಹಾಲು ಕುಡಿಯುತ್ತಿದ್ದವನು ನಾಲ್ಕು ಸೇರು ಕುಡಿದ. ಆಕಳಿಕೆಯೂ ಇಮ್ಮಡಿಯಾಯಿತು.

ಅವನ ಹೆಂಡತಿ ನೋಡುವಷ್ಟು ನೋಡಿ ಹೇಳಿದಳು: “ಕಾಡಂಚಿನಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ನಾಲ್ಕು ದಿನ ಹೋಗಿ ಬನ್ನಿ. ನಿಮಗೆ ಗಾಳಿ ಬದಲಾಗುತ್ತದೆ, ನಮ್ಮ ಎಮ್ಮೆಗೂ ಒಂದಿಷ್ಟು ಉಸಿರು ಬರುತ್ತದೆ.”

ಪೈಲ್ವಾನ ಹೊರಟ. ಸೋದರತ್ತೆ ಸೀಗೆಕಾಯಿ ಆಯ್ದು ಮಾರುವ ಮುದುಕಿ. ಅವಳ ಗುಡಿಸಲಿನ ಎದುರಿಗೊಂದು ಹೊಂಡ. ದಿನವೂ ಸಂಜೆ ಎಡಗಿವಿ ಹರಿದ ಒಂದು ಗಂಡು ಕಡವೆ ಅಲ್ಲಿಗೆ ನೀರಿಗೆ ಬರುತ್ತಿತ್ತು. ತಲೆಯ ಮೇಲೆ ಮರ ಹೊತ್ತಂಥ ಕೊಂಬು. ಪೈಲ್ವಾನನಿಗೆ ಅದನ್ನು ಕಂಡೊಡನೆ ಅಭಿಮಾನ ಉಕ್ಕಿತು. ಇದು ನಮ್ಮ ಪೈಕಿ ಅಂದುಕೊಂಡ.

ಐದನೆಯ ದಿನ ಕಡವೆ ಒಂದೇ ಕೊಂಬಿನಲ್ಲಿ ಬಂತು. ಆರನೆಯ ದಿನ ಅದೂ ಇರಲಿಲ್ಲ. ಹುಡುಕಿದರೆ ಒಂದು ಕೊಂಬು ಪೊದೆಯ ಬುಡದಲ್ಲಿ ಬಿದ್ದಿತ್ತು. ಪೈಲ್ವಾನ ಅದನ್ನು ಹೆಗಲಿಗೇರಿಸಿಕೊಂಡು, “ಲೇ, ನಿಲ್ಲೋ! ನಿನ್ನದಿದು!” ಎಂದು ಕೂಗುತ್ತ ಅರ್ಧ ಹರದಾರಿ ಅದರ ಹಿಂದೆ ಓಡಿದ. ಕಡವೆ ತಿರುಗಿಯೂ ನೋಡಲಿಲ್ಲ.

ಏದುಸಿರು ಬಿಡುತ್ತ ವಾಪಸು ಬಂದರೆ ಮುದುಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಅದನ್ನು ಸೋಲಿಸಿದವನು ಯಾರು ಅತ್ತೆ?”

“ಸೋಲಿಸುವ ಮಾತೆಲ್ಲಿ ಬಂತು ಅಳಿಯಂದಿರೇ? ವರ್ಷವರ್ಷವೂ ಬೇಸಿಗೆಗೆ ಉದುರುತ್ತದೆ. ಮಳೆಗಾಲದಲ್ಲಿ ಬೆಳೆಯುತ್ತದೆ.”

“ಅಲ್ಲಿಯವರೆಗೆ ಏನು ಮಾಡುತ್ತದೆ?”

“ಮೇಯುತ್ತದೆ.”

ಪೈಲ್ವಾನನಿಗೆ ಈ ಉತ್ತರ ಹಿಡಿಸಲಿಲ್ಲ. ಆದರೂ ಊರಿಗೆ ಹೊರಡಲಿಲ್ಲ. ಮುಂದೇನಾಗುತ್ತದೆ ನೋಡಬೇಕಿತ್ತು. ಮೊದಲ ಮಳೆ ಬಿತ್ತು. ಕಡವೆಯ ತಲೆಯಲ್ಲಿ ಎರಡು ಮೊಳಕೆ ಎದ್ದವು. ಮೇಲೆ ಮಖಮಲ್ಲಿನಂಥ ಚರ್ಮ. ಒಂದು ಸಂಜೆ ಕಾಡುಹಂದಿಯೊಂದು ಹೊಂಡಕ್ಕೆ ನುಗ್ಗಿತು. ಕಡವೆ ಮೆಲ್ಲನೆ ಪಕ್ಕಕ್ಕೆ ಸರಿದು ನಿಂತಿತು. ಬಂಡೆಯ ಮೇಲಿದ್ದ ಪೈಲ್ವಾನನಿಗೆ ತಡೆಯಲಾಗಲಿಲ್ಲ.

“ಹಂದಿಗೆ ದಾರಿ ಬಿಟ್ಟೆಯಲ್ಲೋ! ತಳ್ಳು! ಕಾಲಿಗೆ ಕಾಲು ಹಾಕು!”

“ಸುಮ್ಮನಿರಿ” ಎಂದಳು ಮುದುಕಿ. “ಆ ಚರ್ಮದೊಳಗೆ ಇನ್ನೂ ರಕ್ತ ಹರಿಯುತ್ತಿದೆ. ಈಗ ಗುದ್ದಾಡಿದರೆ ಕೊಂಬು ಸೊಟ್ಟ ಬೆಳೆಯುತ್ತದೆ. ವರ್ಷವೆಲ್ಲ ಸೊಟ್ಟ ಕೊಂಬು ಹೊತ್ತು ತಿರುಗಬೇಕು. ಅದಕ್ಕಾದರೂ ಅಷ್ಟು ಬುದ್ಧಿಯಿದೆ.”



ಕಾರಹುಣ್ಣಿಮೆಗೆ ಮೂರು ದಿನವಿರುವಾಗ ಊರಿನಿಂದ ಕರೆಯಲು ಜನ ಬಂದರು.  ಪೈಲ್ವಾನ ಕಡಗ ತೆಗೆದು ಅವರ ಕೈಗಿಟ್ಟ. “ಎದುರಾಳಿಗೆ ಕೊಡಿ. ಈ ವರ್ಷ ನಾನು ಮೇಯುತ್ತಿದ್ದೇನೆ ಎಂದು ಹೇಳಿ.”

ಊರು ಒಂದು ವಾರ ನಕ್ಕಿತು. ಬೋಳು ಕೈ ನೋಡಿಕೊಂಡು ಅವನೂ ಎರಡು ದಿನ ಕುಗ್ಗಿದ. ಮೂರನೆಯ ದಿನ ಮುದುಕಿ ಸೊಪ್ಪು ಕೊಯ್ದು ತರಲು ಕಳಿಸಿದಳು, ಹೋದ. ಹದಿನೈದು ವರ್ಷ ಎದುರಾಳಿಯ ಕಾಲನ್ನು ಬಿಟ್ಟು ಬೇರೇನನ್ನೂ ನೋಡದವನು, ರೆಕ್ಕೆ ಬಂದ ಗೆದ್ದಲುಗಳು ಹುತ್ತದಿಂದ ಏಳುವುದನ್ನು ನೋಡಿದ. ಕಪ್ಪೆಗಳು ಎಲ್ಲಿಂದಲೋ ಎದ್ದು ಬಂದು ಜಗಳಕ್ಕೆ ಬಿದ್ದಂತೆ ಕೂಗುವುದನ್ನು ಕೇಳಿದ. ಹೊಟ್ಟೆ ತುಂಬ ಉಂಡ, ಕಣ್ಣು ತುಂಬ ನಿದ್ದೆ ಮಾಡಿದ. ಯಾವಾಗ ಊರಿಗೆ ಹೋಗುತ್ತೀರಿ ಎಂದು ಮುದುಕಿ ಕೇಳಲಿಲ್ಲ. ಇಷ್ಟು ಸೌದೆ ಅವಳಿಗೆ ಯಾರೂ ಒಡೆದುಕೊಟ್ಟಿರಲಿಲ್ಲ.

ಮಹಾನವಮಿ ಹತ್ತಿರವಾಯಿತು. ಒಂದು ಬೆಳಗ್ಗೆ ಕಡವೆ ಮರಕ್ಕೆ ತಲೆ ಕೊಟ್ಟು ಗಸಗಸ ಉಜ್ಜುತ್ತಿತ್ತು. ಚರ್ಮ ಹರಿದ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಒಳಗಿನಿಂದ ಗಟ್ಟಿ ಕೊಂಬು ಹೊರಬಂತು. ಪೈಲ್ವಾನ ನೋಡುತ್ತ ನೋಡುತ್ತ ನಕ್ಕ. ತಾನು ಬಸ್ಕಿ ಹೊಡೆಯುತ್ತಿದ್ದೇನೆ ಎಂಬುದು ಅವನಿಗೆ ಇಪ್ಪತ್ತನೆಯದರ ಹೊತ್ತಿಗೆ ಗೊತ್ತಾಯಿತು. ನಿಲ್ಲಿಸಲು ಮನಸ್ಸಾಗಲಿಲ್ಲ. ಮರುದಿನ ಊರಿಗೆ ಬಂದವನು ಮನೆಗೂ ಹೋಗದೆ ನೇರ ಗರಡಿಗೆ ಇಳಿದ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಮುಖ ಅರಳಿತ್ತು. ಬಹಳ ದಿನದ ಮೇಲೆ ನಕ್ಕಿದ್ದ. ಆದರೂ ಒಂದು ಮಾತು ಒಳಗೆ ಕೊರೆಯುತ್ತಿತ್ತು.

“ಅರ್ಥವಾಯಿತು ಗುರುಗಳೇ. ಆದರೆ ನನ್ನ ಕೊಂಬು ಯಾವಾಗ ಗಟ್ಟಿಯಾಗುತ್ತದೆ?”

“ದಿನಾ ಮುಟ್ಟಿ ನೋಡಿಕೊಳ್ಳುವುದನ್ನು ನೀನು ಬಿಟ್ಟ ಮೇಲೆ” ಎಂದರು ಗುರುಗಳು.