ಮೇಲಿನ ಕೋಲು

"ನಿನ್ನ ಕೈಲಿ ಎಲ್ಲಿ ಆಗುತ್ತೆ? ಕಾಗದಕ್ಕೆ ಕಾಲಿನ ಗುರುತು ಒತ್ತು ಸಾಕು, ಉಳಿದದ್ದು ನಾನು ನೋಡಿಕೊಳ್ತೀನಿ" ಎಂದು ಬೂದಿ ಹೇಂಟೆಗೆ ಹೇಳಿದವನು ಅವಳ ಗಂಡ ಹುಂಜನೇ. ಗೂಡಿನ ಯಜಮಾನಿಕೆ ಈ ಸಲ ಹೇಂಟೆಗೇ ಮೀಸಲೆಂದು ಕಾನೂನಾಗಿತ್ತು. ಚುನಾವಣೆಯಲ್ಲಿ ಗೆದ್ದವಳು ಅವಳು, ಯಜಮಾನರು ಕೂರುವ ಮೇಲಿನ ಕೋಲೇರಿದವನು ಅವನು. ಗುರುತು ಒತ್ತುತ್ತಾ ಒತ್ತುತ್ತಾ ಹೇಂಟೆ ತಾನಾಗಿಯೇ ಓದು ಕಲಿತಳು.

ಒಂದು ಬೆಳಿಗ್ಗೆ ಕಾವಿಗೆ ಕೂತಿದ್ದವಳು ಎದ್ದು ಬಂದಳು. "ರೀ, ಇಳೀರಿ. ಅದು ನನ್ನ ಜಾಗ."

"ಯಾರು ಹೇಳಿದ್ದು?"

"ನೀವೇ ತಂದ ಕಾಗದ."

ಹುಂಜ ಇಳಿದ. "ಕೂತ್ಕೋ ಮಹಾರಾಣಿ. ಮೊಟ್ಟೆಗೆ ಕಾವು ಕೊಡೋರು ಯಾರು?"

"ಸುಮ್ಮನೆ ಕೂರೋ ಕೆಲಸ ಅಂತಿದ್ರಲ್ಲ, ನೀವೇ ಕೂತ್ಕೊಳ್ಳಿ."

ಹುಂಜ ಕಾವಿಗೆ ಕೂರಬೇಕೆಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಅವನು ತಿಪ್ಪೆ ಕೆದಕಲು ಹೋದ. ಅವಳೂ ಇಳಿಯಲಿಲ್ಲ.

ಈಗ ಮೇಲಿನ ಕೋಲು ಪೂರ್ತಿ ಅವಳದು. ಅದಕ್ಕೆ ತೆತ್ತದ್ದು ತಣ್ಣಗಾದ ಒಂಬತ್ತು ಮೊಟ್ಟೆ.