ಅಜ್ಜಿಗೆ ಬೇಕು ಮುಳ್ಳುಕತ್ತರಿ ಮೊಗ್ಗು

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ನಿಂಗಿಯ ಕಥೆ ಹೇಳ್ತೀನಿ.

ಕೋಟೆ ಗೋಡೆ ಪಕ್ಕ ಒಂದು ಮನೆ. ಮನೆಯಲ್ಲಿ ನಿಂಗಿ. ನಿಂಗಿಗೊಬ್ಬಳು ಅಜ್ಜಿ. ಅಜ್ಜಿಗೊಂದು ಉಪ್ಪಿನಕಾಯಿ ಭರಣಿ. ಭರಣಿ ತುಂಬ ಮುಳ್ಳುಕತ್ತರಿ ಮೊಗ್ಗು, ಕೋಟೆ ಗೋಡೆಯ ಮುಳ್ಳುಗಿಡದ್ದು. ಉಪ್ಪುಪ್ಪು, ಹುಳಿಹುಳಿ, ಚೂರೇ ಚೂರು ಕಹಿ.

ಒಂದು ದಿನ ಬೆಕ್ಕು ಹಾರಿತು. ಭರಣಿ ಬಿತ್ತು. ಮೊಗ್ಗೆಲ್ಲ ಮಣ್ಣುಪಾಲು.

ಅಜ್ಜಿ ರೊಟ್ಟಿ ಮುರಿದಳು. ಹಾಗೇ ಇಟ್ಟಳು.

"ಯಾಕಜ್ಜಿ?"

"ಅದು ನಮ್ಮವ್ವ ಕಲಿಸಿದ ಉಪ್ಪಿನಕಾಯಿ, ಮಗಾ. ತಿಂದರೆ ನಮ್ಮವ್ವ ಪಕ್ಕದಲ್ಲೇ ಕೂತ ಹಾಗೆ. ಅದಿಲ್ಲದೆ ತುತ್ತು ಇಳಿಯಲ್ಲ."

ಅಜ್ಜಿ ಕೋಟೆ ಕಡೆ ನೋಡುತ್ತ ಕೂತಳು. ನೋಡುತ್ತಲೇ ಕೂತಳು.

ನಿಂಗಿ ಕೋಟೆಗೆ ಹೋದಳು. ಗೋಡೆ ಸಂದಿನಲ್ಲಿ ಮುಳ್ಳುಕತ್ತರಿ ಗಿಡ.

"ಗಿಡವೇ ಗಿಡವೇ, ಮೊಗ್ಗು ಕೊಡು. ಮೊಗ್ಗಿಲ್ಲದೆ ಅಜ್ಜಿ ಉಣ್ಣಲ್ಲ."

"ನಾನೇ ಒಣಗಿದ್ದೀನಿ. ನೀರಿಲ್ಲದೆ ಮೊಗ್ಗಿಲ್ಲ."

ನಿಂಗಿ ಬಾವಿಗೆ ಹೋದಳು.

"ಬಾವಿಯೇ ಬಾವಿಯೇ, ನೀರು ಕೊಡು. ನೀರಿಲ್ಲದೆ ಮೊಗ್ಗಿಲ್ಲ. ಮೊಗ್ಗಿಲ್ಲದೆ ಅಜ್ಜಿ ಉಣ್ಣಲ್ಲ."

"ಬರಿಗೈಲಿ ಹೇಗೆ ಒಯ್ಯುತ್ತೀ? ಕೊಡವಿಲ್ಲದೆ ನೀರಿಲ್ಲ."

ನಿಂಗಿ ಕುಂಬಾರ ಮಾನಪ್ಪನ ಹತ್ತಿರ ಹೋದಳು.

"ಕಾಕಾ ಕಾಕಾ, ಕೊಡ ಕೊಡು. ಕೊಡವಿಲ್ಲದೆ ನೀರಿಲ್ಲ. ನೀರಿಲ್ಲದೆ ಮೊಗ್ಗಿಲ್ಲ. ಮೊಗ್ಗಿಲ್ಲದೆ ಅಜ್ಜಿ ಉಣ್ಣಲ್ಲ."

ಮಾನಪ್ಪನ ತಿಗರಿ ಸುಮ್ಮನೆ ನಿಂತಿತ್ತು.

"ಕತ್ತೆ ಮಣ್ಣು ತರ್ತಿಲ್ಲ ಕಣವ್ವಾ. ಮಣ್ಣಿಲ್ಲದೆ ಕೊಡವಿಲ್ಲ."

ನಿಂಗಿ ಕತ್ತೆಯ ಹತ್ತಿರ ಹೋದಳು.

"ಕತ್ತೆಯೇ ಕತ್ತೆಯೇ, ಮಣ್ಣು ತಾ. ಮಣ್ಣಿಲ್ಲದೆ ಕೊಡವಿಲ್ಲ. ಕೊಡವಿಲ್ಲದೆ ನೀರಿಲ್ಲ. ನೀರಿಲ್ಲದೆ ಮೊಗ್ಗಿಲ್ಲ. ಮೊಗ್ಗಿಲ್ಲದೆ ಅಜ್ಜಿ ಉಣ್ಣಲ್ಲ."

ಕತ್ತೆ ದಾರಿ ನೋಡುತ್ತ ಕೂತಿತ್ತು.

"ನನ್ನ ಮರಿ ಹಳ್ಳದ ಕಡೆ ಹೋಯಿತು. ತಿರುಗಿ ಬಂದಿಲ್ಲ. ಮರಿಯಿಲ್ಲದೆ ಕಾಲು ಏಳಲ್ಲ."

ನಿಂಗಿಗೆ ಅಜ್ಜಿ ನೆನಪಾದಳು. ಅಜ್ಜಿಯೂ ಹೀಗೇ ನೋಡುತ್ತ ಕೂತಿದ್ದಳಲ್ಲ.

ನಿಂಗಿ ಹಳ್ಳಕ್ಕೆ ಓಡಿದಳು. ಆಚೆ ದಡದಲ್ಲಿ ಪುಟ್ಟ ಮರಿ. ಒಂಟಿ ಮರಿ.

"ಮರಿಯೇ ಮರಿಯೇ, ಮನೆಗೆ ಬಾ. ನೀನಿಲ್ಲದೆ ಕತ್ತೆ ಏಳಲ್ಲ. ಕತ್ತೆ ಏಳದೆ ಮಣ್ಣಿಲ್ಲ. ಮಣ್ಣಿಲ್ಲದೆ ಕೊಡವಿಲ್ಲ. ಕೊಡವಿಲ್ಲದೆ ನೀರಿಲ್ಲ. ನೀರಿಲ್ಲದೆ ಮೊಗ್ಗಿಲ್ಲ. ಮೊಗ್ಗಿಲ್ಲದೆ ಅಜ್ಜಿ ಉಣ್ಣಲ್ಲ."

"ನನಗೂ ಅಮ್ಮ ಬೇಕು," ಅಂದಿತು ಮರಿ. "ದಾರಿ ಗೊತ್ತಿಲ್ಲ."

"ನನಗೆ ಗೊತ್ತು. ಬಾ," ಅಂದಳು ನಿಂಗಿ.

ಮರಿ ಬಂತು. ಕತ್ತೆ ಅದನ್ನು ಮೂಸಿತು, ನೆಕ್ಕಿತು, ಮತ್ತೆ ಮೂಸಿತು.

ಕತ್ತೆ ಎದ್ದು ಮಣ್ಣು ತಂತು. ಮಣ್ಣು ಬಂತು, ಕಾಕಾ ಕೊಡ ಮಾಡಿ ಸುಟ್ಟ. ಕೊಡ ಬಂತು, ಬಾವಿ ನೀರು ಕೊಟ್ಟಿತು. ನೀರು ಬಂತು, ಗಿಡ ಕುಡಿಯಿತು. ನಿಂಗಿ ದಿನಾ ಹೊತ್ತಳು, ಗಿಡ ದಿನಾ ಕುಡಿಯಿತು. ಮುಳ್ಳಿನ ನಡುವೆ ಹಸಿರು ಹಸಿರು ಮೊಗ್ಗು ಬಂತು.

"ಅರಳೋ ಮೊದಲೇ ಕೀಳಬೇಕು," ಅಂದಳು ಅಜ್ಜಿ. ಇಬ್ಬರೂ ಕಿತ್ತರು. ಉಪ್ಪುನೀರಲ್ಲಿ ನೆನೆಹಾಕಿದರು. ಕಹಿನೀರು ಚೆಲ್ಲಿದರು. ಮತ್ತೆ ಉಪ್ಪು ಹಾಕಿದರು. ಕಾದರು. ಇನ್ನೂ ಕಾದರು.

ಒಂದು ಮಧ್ಯಾಹ್ನ ಅಜ್ಜಿ ರೊಟ್ಟಿ ಮುರಿದಳು. ಒಂದು ಮೊಗ್ಗು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

"ಬಂದಳಾ ಅಜ್ಜಿ, ನಿಮ್ಮವ್ವ?"

"ಬಂದಳು ಮಗಾ," ಅಂದಳು ಅಜ್ಜಿ. "ನೀನೂ ಪಕ್ಕದಲ್ಲಿ ಕೂತ್ಕೋ."

ನಿಂಗಿ ಕೂತಳು. ಅಜ್ಜಿ ಉಂಡಳು.